ನಿದ್ದೆಯ ಸಾಲ

ಸೋದರಿಯರೇ, ನಿನ್ನೆ ರಾತ್ರಿ ನೀವು ಎಷ್ಟು ತಾಸು ಮಲಗಿದಿರಿ?

"ಅಯ್ಯ, ಅದನ್ನೆಲ್ಲಾ ಯಾರು ಲೆಕ್ಕ ಇಡ್ತಾರ್ರೀ?" ಎಂದು ನೀವು ನಗಬಹುದು. ಹೋದ ವರ್ಷದವರೆಗೆ ನಾನೂ ಹೀಗೆಯೇ ನಗುತ್ತಿದ್ದೆ. ಹಾಲಿನ ಲೆಕ್ಕ, ಕಿರಾಣಿ ಅಂಗಡಿಯ ಉದ್ರಿ, ಭಿಶಿಯ ಕಂತು, ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು, ಎಲ್ಲವೂ ನನ್ನ ವಹಿಯಲ್ಲಿ ಇರುತ್ತಿದ್ದವು. ನಿದ್ದೆಯ ಲೆಕ್ಕ ಮಾತ್ರ ಇರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರಿಗಿಂತ ಕೊನೆಗೆ ಮಲಗುವವಳು ಒಳ್ಳೆಯ ಗೃಹಿಣಿ ಎಂದು ಕೇಳುತ್ತ ಬೆಳೆದವರಲ್ಲವೆ ನಾವು? ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚಿದರೆ 'ನಿದ್ದೆಗೇಡಿ' ಎಂಬ ಬಿರುದು ಬೇರೆ! ಜನರು ಹೇಳುವ ಕಥೆಯಲ್ಲಿ ಕಣ್ತುಂಬ ನಿದ್ದೆ ಸಿಕ್ಕ ಹೆಂಗಸೆಂದರೆ ಲಕ್ಷ್ಮಣನ ಹೆಂಡತಿ ಊರ್ಮಿಳೆ. ಅದೂ ಹದಿನಾಲ್ಕು ವರ್ಷ ಎಚ್ಚರವಿದ್ದ ಗಂಡನ ಪಾಲಿನ ನಿದ್ದೆ. ತನ್ನ ಪಾಲಿನದೆಂದು ಆಕೆಗೂ ಕೇಳಲಾಗಲಿಲ್ಲ, ನೋಡಿ.

ಹಂಚಿನ ಮುಂದೆ ಒಂದು ಬೆಳಗು

ಚಿಕ್ಕೋಡಿಯಲ್ಲಿ ನಮ್ಮದು ಆರು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಪಿಯುಸಿ ಓದುವ ಮಗಳು, ಎಂಟನೆಯ ಇಯತ್ತೆಯ ಮಗ. ಊರ ಹೊರಗೆ ಎರಡೂವರೆ ಎಕರೆ ಕಬ್ಬು. ಹೋದ ವರ್ಷ ಮಾಗಿ ಚಳಿಯ ಒಂದು ಬೆಳಗು. ಹಿಂದಿನ ರಾತ್ರಿ ನಳಕ್ಕೆ ನೀರು ಬಂದದ್ದು ಎರಡು ಗಂಟೆಗೆ. ತುಂಬಿಸಿ ಮಲಗುವಷ್ಟರಲ್ಲಿ ಮೂರೂಕಾಲು, ಮತ್ತೆ ಎದ್ದದ್ದು ನಾಲ್ಕೂವರೆಗೆ.

ಹಂಚಿನ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದೆ. ಕಣ್ಣು ತೆರೆದೇ ಇದ್ದವೆಂದು ನನ್ನ ನಂಬಿಕೆ. "ಅವ್ವಾ, ಸೆರಗು!" ಎಂದು ಮಗಳು ಚೀರಿದಾಗಲೇ ನನಗೆ ಎಚ್ಚರ. ಸೆರಗಿನ ಅಂಚಿಗೆ ಉರಿ ಹತ್ತಿತ್ತು. ಅವಳು ಕೊಡದ ನೀರು ಸುರಿದು ಆರಿಸಿದಳು. ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ, ನಮ್ಮ ಪುಣ್ಯ. ಆದರೆ ಆ ಹೊತ್ತಿಗೆ ಅವಳು ಅಡಿಗೆಮನೆಗೆ ಬರದಿದ್ದರೆ? ಆ ದಿನವೆಲ್ಲ ಮಗಳು ನನ್ನ ಹಿಂದೆಮುಂದೆ ಸುಳಿಯುತ್ತಲೇ ಇದ್ದಳು. ರಾತ್ರಿ ಹಾಸಿಗೆ ಹಾಸುವಾಗ ಕೇಳಿದಳು: "ಅವ್ವಾ, ನಿಂತಲ್ಲೇ ನಿದ್ದಿ ಹತ್ತತೈತೇನು ನಿನಗ?"

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ನಾಚಿಕೆಯಾಯಿತು. ಏಕೆಂದರೆ ಅದು ಮೊದಲ ಸಲವಾಗಿರಲಿಲ್ಲ.

ವಹಿಯ ಕೊನೆಯ ಹಾಳೆ

ಮರುದಿನದಿಂದ ಹಾಲಿನ ವಹಿಯ ಕೊನೆಯ ಹಾಳೆಯಲ್ಲಿ ನಿದ್ದೆಯ ಲೆಕ್ಕ ಬರೆಯತೊಡಗಿದೆ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನಡುವೆ ಏಕೆ ಎದ್ದೆ, ಇಷ್ಟೇ. ಹದಿನಾಲ್ಕು ರಾತ್ರಿ ಕೂಡಿಸಿದಾಗ ಬಂದದ್ದು 71 ತಾಸು. ದಿನಕ್ಕೆ ಹೆಚ್ಚು ಕಡಿಮೆ ಐದು!

ಬೇಕಾದದ್ದೆಷ್ಟು? ಅಮೆರಿಕದ ನಿದ್ರಾ ವೈದ್ಯರ ಸಂಘದವರು 2015ರಲ್ಲಿ ಹೇಳಿದಂತೆ, ದೊಡ್ಡವರಿಗೆ ದಿನಕ್ಕೆ 7 ತಾಸು ಅಥವಾ ಅದಕ್ಕಿಂತ ಹೆಚ್ಚು. ಮಕ್ಕಳದನ್ನು ಮರುವರ್ಷ ಹೇಳಿದರು: 3ರಿಂದ 5 ವರ್ಷದವರಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ 10ರಿಂದ 13 ತಾಸು, 6ರಿಂದ 12 ವರ್ಷದವರಿಗೆ 9ರಿಂದ 12, 13ರಿಂದ 18ರವರಿಗೆ 8ರಿಂದ 10. ಹಾಗಾದರೆ ಹದಿನಾಲ್ಕು ದಿನಕ್ಕೆ ನನಗೆ ಬೇಕಾದದ್ದು 98 ತಾಸು. ಸಿಕ್ಕದ್ದು 71. ಎರಡು ವಾರದಲ್ಲಿ 27 ತಾಸಿನ ಸಾಲ! ಅಂಗಡಿಯವನಾಗಿದ್ದರೆ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮೈ ಮಾತ್ರ ಸುಮ್ಮನಿರುತ್ತದೆ. ಒಂದು ದಿನ ಹಂಚಿನ ಮುಂದೆ ವಸೂಲಿ ಮಾಡುತ್ತದೆ.

"ನನಗೆ ಐದು ತಾಸು ಸಾಕು, ರೂಢಿಯಾಗಿದೆ" ಎನ್ನುವ ಸೋದರಿಯರು ಬಹಳ. ಅವರಿಗೊಂದು ಸಂಗತಿ ಹೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ 6 ತಾಸಷ್ಟೇ ಮಲಗಲು ಬಿಟ್ಟು ಪರೀಕ್ಷೆ ಮಾಡಿ, 2003ರಲ್ಲಿ ವರದಿ ಪ್ರಕಟಿಸಿದರು. ದಿನದಿಂದ ದಿನಕ್ಕೆ ಅವರ ಲಕ್ಷ್ಯ, ನೆನಪು ಕುಗ್ಗುತ್ತ ಹೋಗಿ, ಕೊನೆಗೆ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಬಂದು ನಿಂತಿತು. ಆದರೆ ಕೇಳಿದರೆ ಅವರು "ಸ್ವಲ್ಪ ನಿದ್ದೆ ಬರುತ್ತದೆ, ಅಷ್ಟೇ" ಎನ್ನುತ್ತಿದ್ದರಂತೆ! ರೂಢಿಯಾಗುವುದು ನಿದ್ದೆಗೆಡುವುದಲ್ಲ, ಕೆಟ್ಟದ್ದು ತಿಳಿಯದಿರುವುದು.

ಇನ್ನೊಂದು ಮಾತು. ಸತತ 17 ತಾಸು ಎಚ್ಚರವಿದ್ದವರ ಕೈಕಾಲಿನ ಚುರುಕು ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಮಂದವಾಗಿರುತ್ತದೆಂದು ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದವನು ಗಾಡಿ ಹೊಡೆಯುವಂತಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದವರಿಗೆ 17 ತಾಸು ತುಂಬುವುದು ರಾತ್ರಿ ಒಂಬತ್ತೂವರೆಗೆ. ಕಬ್ಬಿನ ಟ್ರಾಲಿ ಸಾಲುಗಟ್ಟಿದ ರಸ್ತೆಯಲ್ಲಿ ಆ ಹೊತ್ತಿಗೆ ಮೋಟರ್‌ಸೈಕಲ್ ಹತ್ತುವ ಮನೆಯವರಿಗೆ ಇದನ್ನು ತಪ್ಪದೆ ಓದಿ ಹೇಳಿರಿ.

ನಿದ್ದೆಯಲ್ಲಿ ಮೈ ಏನು ಮಾಡುತ್ತದೆ?

ನಿದ್ದೆ ಬರಿಸುವವು ಎರಡು. ಒಂದು, ಎದ್ದ ಗಳಿಗೆಯಿಂದ ತಲೆಯಲ್ಲಿ ಕೂಡುತ್ತ ಹೋಗುವ ನಿದ್ದೆಯ ಭಾರ. ಅದು ಮಲಗಿದರೇ ಇಳಿಯುವುದು. ಚಹಾ ಅದನ್ನು ಇಳಿಸುವುದಿಲ್ಲ, ಮುಚ್ಚಿಡುತ್ತದೆ. ಎರಡನೆಯದು ಮೈಯೊಳಗಿನ ಗಡಿಯಾರ. ಬೆಳಕು ನೋಡಿ ಅದು ವೇಳೆ ಹೊಂದಿಸಿಕೊಳ್ಳುತ್ತದೆ. ಈ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ದೆ ಹೆಚ್ಚು. ಮೈಯ ರಿಪೇರಿ ಕೆಲಸ ಆಗ. ಬೆಳಗಿನ ಜಾವ ಕನಸಿನ ನಿದ್ದೆ ಹೆಚ್ಚು; ನೆನಪು, ಮನಸ್ಸು ಹದಕ್ಕೆ ಬರುವುದಕ್ಕೆ ಅದೂ ಬೇಕು. ನಾಲ್ಕಕ್ಕೆ ಏಳುವವಳು ಕಳೆದುಕೊಳ್ಳುವುದು ಹೆಚ್ಚಾಗಿ ಅದನ್ನೇ. ಇಟ್ಟ ವಸ್ತು ಮರೆಯುವುದು, ಸಣ್ಣ ಮಾತಿಗೆ ಕಣ್ಣೀರು, ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಡುಕು, ಇವೆಲ್ಲ ನಮ್ಮ ಸ್ವಭಾವವೆಂದು ತಿಳಿದಿದ್ದೇವೆ. ಎಷ್ಟೋ ಸಲ ಅದು ನಿದ್ದೆಯ ಕೊರತೆ ಅಷ್ಟೇ.

ಊರಿಗೊಂದು ಎಚ್ಚರ

ನಮ್ಮ ಭಾಗದಲ್ಲಿ ಊರಿಗೊಂದು ಬಗೆಯಲ್ಲಿ ನಿದ್ದೆ ಕೆಡುತ್ತದೆ. ನಿಪ್ಪಾಣಿಯಲ್ಲಿ ತಂಬಾಕು. ಅಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಅಡಿಗೆ, ಮುಸುರೆ ಮುಗಿಸಿ ಮೊರ ತೊಡೆಯ ಮೇಲಿಟ್ಟುಕೊಂಡರೆ ಸಾವಿರ ತುಂಬುವವರೆಗೆ ಏಳುವಂತಿಲ್ಲ. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವ ಮನೆಗಳಲ್ಲಿ ಹೆಣಿಗೆ, ಹೊಲಿಗೆ ಹೆಂಗಸರ ಪಾಲಿಗೆ. ಆ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಆದರೆ ಹೆಣೆಯುವ ಬೆರಳಿಗೆ ರಾತ್ರಿ ಯಾವುದು, ಹಗಲು ಯಾವುದು? ಕಾಗವಾಡ, ಉಗಾರ ಕಡೆ ಕಾರ್ಖಾನೆ ಸುರುವಾದರೆ ಮೂರು ಪಾಳಿ. ಗಂಡನ ಪಾಳಿ ಬದಲಾದಂತೆ ಹೆಂಡತಿಯ ಒಲೆಯೂ ಬದಲಾಗಬೇಕು. ರಾಯಬಾಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ಕರೆಂಟು ರಾತ್ರಿ ಪಾಳಿಗೆ ಬಂದರೆ ಗಂಡ ಬ್ಯಾಟರಿ ಹಿಡಿದು ಹೊಲಕ್ಕೆ, ಇವಳು ಹಾವಿನ ಭಯದಲ್ಲಿ ಕಣ್ಣು ಬಿಟ್ಟುಕೊಂಡು ಮನೆಯಲ್ಲಿ. ನಮ್ಮ ಮನೆಯಲ್ಲೂ ಅದೇ ಪಾಡು.

ಇದೆಲ್ಲ ಹೊಟ್ಟೆಪಾಡು, ಬಿಡಲಾಗದು. ನಿಜ. ಆದರೆ ಎಲ್ಲವೂ ಹೊಟ್ಟೆಪಾಡೆ? ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯದ ಸಮೀಕ್ಷೆ ಏನು ಹೇಳುತ್ತದೆ, ನೋಡಿ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಚ್ಚುವ ಗಂಡಸರು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆ ಇದರಲ್ಲಿ ಸೇರಿಲ್ಲ, ಅದು ಬೇರೆ. ಅಂದರೆ ಸುಮಾರು ಮೂರೂಕಾಲು ತಾಸಿನ ಅಂತರ. ನಮ್ಮ ಕಳೆದುಹೋದ ನಿದ್ದೆ ಎಲ್ಲಿದೆ ಎಂದು ಇನ್ನು ಬೇರೆ ಹುಡುಕಬೇಕೆ?

ಕೇಳುವುದಕ್ಕೆ ಸಂಕೋಚವೆ? ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಒಂದಾಗಿ ತಮ್ಮ ದುಡಿಮೆಯ ನ್ಯಾಯ ಕೇಳಿದ್ದನ್ನು 'ಯುಗಾಂತರ' ಎಂಬ ಮಹಿಳೆಯರ ತಂಡ 1982ರಲ್ಲಿ ಚಲನಚಿತ್ರ ಮಾಡಿದೆ. ಮಾಲಕರ ಮುಂದೆ ಬಾಯಿ ತೆರೆದ ಹೆಣ್ಣುಮಕ್ಕಳ ಸೀಮೆಯವರು ನಾವು. ಮನೆಯವರ ಮುಂದೆ ತೆರೆಯಲಾರೆವೆ?

ಅತ್ತೆ ಹೇಳಿದ ಮಾತು

ನಾನು ಬಾಯಿ ತೆರೆಯಲು ಹೆದರಿದ್ದು ಅತ್ತೆಗೆ. ಒಂದು ಸಂಜೆ ವಹಿ ತೆಗೆದು ಪಡಸಾಲೆಯಲ್ಲಿ ಎಲ್ಲರೆದುರು ಲೆಕ್ಕ ಓದಿದೆ. ಮನೆಯವರು "ಇದನ್ನ ಯಾಕ ಬರಕೊಂತ ಕುಂತೀದಿ?" ಎಂದರು. ಮಗ ನಕ್ಕ. ಅತ್ತೆ ಮಾತ್ರ ನನ್ನ ಸುಟ್ಟ ಕೈಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ನಾವು ಮೂರಕ್ಕ ಎದ್ದು ಬೀಸಾಕ ಕುಂದರತಿದ್ವಿ. ಹಾಡತಿದ್ದದ್ದು ಬರೇ ಖುಷಿಗಲ್ಲವಾ, ನಿದ್ದಿ ಹತ್ತಬಾರ್ದಂತನೂ ಹಾಡತಿದ್ವಿ. ಒಮ್ಮೊಮ್ಮೆ ಗೂಟಾ ಹಿಡಕೊಂಡ ಹಂಗ ನಿದ್ದಿ ಹತ್ತತಿತ್ತು. ನೆಗೆಣ್ಣಿ ಚಿವುಟಿ ಎಬ್ಬಸತಿದ್ಲು. ನಿದ್ದಿ ಆತೇನು ಅಂತ ನಮ್ಮನ್ನ ಯಾರೂ ಕೇಳಲಿಲ್ಲ."

ಸ್ವಲ್ಪ ತಡೆದು ಮತ್ತೆ ಅಂದರು: "ಈಗ ವಯಸ್ಸಾಗೇತಿ, ನಾಕಕ್ಕ ತಾನ ಎಚ್ಚರಾಗತೈತಿ. ನೀ ಎದ್ದು ಚಾ ಮಾಡೂತನಕ ಹಾಸಿಗ್ಯಾಗ ಬಿದ್ಕೊಂಡಿರತೀನಿ. ನಾ ಎದ್ರ ನಿನ್ನ ಕೆಲಸದಾಗ ಕೈ ಹಾಕಿದಂಗ ಆಗತೈತಿ ಅಂತ."

ನನಗೆ ಅಳುವೋ ನಗುವೋ ತಿಳಿಯದಾಯಿತು. ಅತ್ತೆ ಕಾಯುತ್ತಾರೆಂದು ನಾನು ಎದ್ದು ಓಡುತ್ತಿದ್ದೆ. ನನಗೆ ಬೇಸರವಾದೀತೆಂದು ಅವರು ಕಾಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ನಾವಿಬ್ಬರೂ ಆಡಿರಲಿಲ್ಲ! ಆ ಮರುದಿನದಿಂದ ಬೆಳಗಿನ ಮೊದಲ ಚಹಾ ಅತ್ತೆಯದೇ. ನಾನು ಏಳುವುದು ಐದೂಮುಕ್ಕಾಲಿಗೆ.

ನಮ್ಮ ಮನೆಯಲ್ಲಿ ಮಾಡಿದ್ದು

ನಿಮ್ಮ ಮನೆಗೆ ಎಲ್ಲವೂ ಹೊಂದಲಿಕ್ಕಿಲ್ಲ. ಹೊಂದುವುದನ್ನು ತೆಗೆದುಕೊಳ್ಳಿ.

ಮೊದಲನೆಯದು, ಅಡಿಗೆಮನೆಗೆ ಮುಚ್ಚುವ ವೇಳೆ. ಅಂಗಡಿಗೆ ಇದೆ, ಬ್ಯಾಂಕಿಗೆ ಇದೆ, ನಮ್ಮ ಅಡಿಗೆಮನೆಗೆ ಯಾಕೆ ಬೇಡ? ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ. ತಡವಾಗಿ ಬಂದವರಿಗೆ ಊಟ ಮುಚ್ಚಿಟ್ಟಿರುತ್ತದೆ. ಬಡಿಸಿಕೊಂಡು, ತಾಟು ತೊಳೆದಿಡುವುದು ಅವರ ಕೆಲಸ.

ಎರಡನೆಯದು, ನೀರು. ರಾತ್ರಿಯ ನಳಕ್ಕೆ ಸರತಿ ಹಚ್ಚಿದೆವು: ಒಂದು ಸಲ ಮನೆಯವರು, ಒಂದು ಸಲ ನಾನು. ಮಕ್ಕಳನ್ನು ನಡುರಾತ್ರಿ ಎಬ್ಬಿಸುವುದಿಲ್ಲ, ಅವರಿಗೆ ನಮಗಿಂತ ಹೆಚ್ಚು ನಿದ್ದೆ ಬೇಕು. ಬೆಳಿಗ್ಗೆ ಬ್ಯಾರಲ್‌ನಿಂದ ಒಳಗೆ ನೀರು ತರುವುದು ಮಗನ ಪಾಲು. ಮೊದಲ ವಾರ ಮನೆಯವರು ಬ್ಯಾರಲ್ ಅರ್ಧ ತುಂಬಿಸಿ ಮಲಗಿದರು. ಎದ್ದು ಹೋಗಿ ತುಂಬಿಸಲು ನನ್ನ ಕಾಲು ತುಡಿದವು. ಹೋಗಲಿಲ್ಲ. ಮರುದಿನ ನೀರು ಸಾಲದೆ ಎಲ್ಲರಿಗೂ ತಂಬಿಗೆಯಲ್ಲಿ ಅಳೆದು ಸ್ನಾನವಾಯಿತು. ಮುಂದಿನ ಸಲ ಬ್ಯಾರಲ್ ತುಂಬಿತ್ತು! ಕೆಲಸ ಹಂಚಿಕೊಟ್ಟ ಮೇಲೆ ಅದು ತಪ್ಪಾದರೂ ತಾಳಿಕೊಳ್ಳಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಮೂರನೆಯದು, ರೊಟ್ಟಿ. ದಿನಾ ನಸುಕಿನಲ್ಲಿ ಬಿಸಿ ರೊಟ್ಟಿ ಬಡಿಯುವ ಬದಲು ವಾರಕ್ಕೆರಡು ಮಧ್ಯಾಹ್ನ ಖಡಕ್ ರೊಟ್ಟಿ ಮಾಡುತ್ತೇನೆ. ತೆಳ್ಳಗೆ ಬಡಿದು, ಹಸಿ ಉಳಿಯದಂತೆ ಸಣ್ಣ ಉರಿಯಲ್ಲಿ ಗರಿಗರಿಯಾಗಿಸಿ, ಪೂರ್ತಿ ಆರಿದ ಮೇಲೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟರೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗಟ್ಟಿ ಮೊಸರು ಜೊತೆಗಿದ್ದರೆ ಬುತ್ತಿ ಸಿದ್ಧ. ಬಿಸಿ ರೊಟ್ಟಿ ರಾತ್ರಿ ಊಟಕ್ಕೆ.

ನಾಲ್ಕನೆಯದು, ಮುಂಜಾನೆಯ ನಾಷ್ಟಾ. ನೀರಿನ ಸರತಿಯ ಮರುದಿನ, ಕರೆಂಟಿನ ರಾತ್ರಿ ಪಾಳಿಯ ವಾರದಲ್ಲಿ ಸುಸಲಾ ಎಂದು ಗೊತ್ತು ಮಾಡಿದ್ದೇವೆ. ನಾಲ್ಕು ಜನಕ್ಕೆ ಎಂಟು ಬಟ್ಟಲು ಚುರುಮರಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಿರಿ. ಎರಡು ಚಮಚೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ, ಚಿಟಿಕೆ ಅರಿಸಿನ ಹಾಕಿ ಒಗ್ಗರಣೆ ಮಾಡಿ. ಚುರುಮರಿ, ಮೂರು ಚಮಚೆ ಪುಟಾಣಿ ಹಿಟ್ಟು, ಉಪ್ಪು, ಸ್ವಲ್ಪ ಸಕ್ಕರೆ ಕೂಡಿಸಿ ಕಲಸಿ, ಮೇಲೆ ಲಿಂಬೆರಸ, ಕೊತ್ತಂಬರಿ. ಹೆಚ್ಚುವುದು ಮಗಳು ಮಾಡಿದರೆ ಹದಿನೈದು ನಿಮಿಷದ ಕೆಲಸ.

ಐದನೆಯದು, ಚಹಾ ಮತ್ತು ಮೊಬೈಲು. ಚಹಾದಲ್ಲಿರುವ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಸಂಜೆ ಐದರ ಚಹಾದ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಅದಕ್ಕೇ ನನ್ನ ಕೊನೆಯ ಚಹಾ ಮೂರು ಗಂಟೆಗೆ. ಮೊಬೈಲು ರಾತ್ರಿ ಪಡಸಾಲೆಯ ಗೂಡಿನಲ್ಲಿ. ಎಲ್ಲ ಕೆಲಸ ಮುಗಿದ ಮೇಲೆ "ಇದೊಂದು ತಾಸಾದರೂ ನನ್ನದು" ಎಂದು ಹನ್ನೊಂದೂವರೆಯವರೆಗೆ ಅದನ್ನು ನೋಡುತ್ತಿದ್ದವಳು ನಾನೇ. ಆ ಆಸೆ ತಪ್ಪಲ್ಲ. ನಮಗಾಗಿ ಒಂದು ತಾಸು ಬೇಕೇಬೇಕು. ಆದರೆ ಅದನ್ನು ನಿದ್ದೆಯಿಂದ ಕದಿಯದೆ ಹಗಲಿನ ಕೆಲಸದಿಂದ ಬಿಡಿಸಿಕೊಳ್ಳಬೇಕು.

ಆರನೆಯದು, ಮಧ್ಯಾಹ್ನದ ನಿದ್ದೆ. ಮೂರು ಗಂಟೆಯ ಒಳಗೆ ಇಪ್ಪತ್ತು ನಿಮಿಷ. ಹೆಚ್ಚು ಮಲಗಿದರೆ ತಲೆ ಭಾರ, ರಾತ್ರಿ ನಿದ್ದೆ ದೂರ. ಯಾರಾದರೂ ಬಿರುದು ಕೊಟ್ಟರೆ ಕೊಡಲಿ. ರವಿವಾರ ಎಲ್ಲ ಸಾಲ ಒಮ್ಮೆಗೇ ತೀರಿಸುತ್ತೇನೆಂದು ಹತ್ತು ಗಂಟೆಯವರೆಗೆ ಮಲಗಬೇಡಿ; ಸ್ವಲ್ಪ ತೀರೀತು, ಆದರೆ ಆ ರಾತ್ರಿ ಗಡಿಯಾರ ಕೆಟ್ಟು ಸೋಮವಾರ ಮತ್ತೆ ಹೊಸ ಸಾಲ. ದಿನಾ ಅರ್ಧ ತಾಸು ಮೊದಲು ಮಲಗುವುದೇ ಒಳ್ಳೆಯ ಕಂತು.

ವೈದ್ಯರಿಗೆ ತೋರಿಸಬೇಕಾದಾಗ

ಏಳೆಂಟು ತಾಸು ಮಲಗಿದರೂ ಹಗಲೆಲ್ಲ ತೂಕಡಿಕೆಯೆ? ಹಾಗಾದರೆ ಅದು ಬರೀ ವೇಳೆಯ ಮಾತಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗಿ ಬೆಚ್ಚುವುದು, ಮಲಗಿದಾಗ ಕಾಲಿನಲ್ಲಿ ಏನೋ ಹರಿದಾಡಿದಂತಾಗುವುದು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಯೆಲ್ಲ ಬಿಸಿಯೇರಿ ಬೆವರಿ ಎಚ್ಚರವಾಗುವುದು, ಎರಡು ವಾರ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿರುವುದು, ಇವಕ್ಕೆ ವೈದ್ಯರನ್ನು ಕಾಣಿರಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ದಣಿವು, ತೂಕಡಿಕೆ ಬರುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಬಸುರಿಯರಲ್ಲದ ಹೆಂಗಸರಿಗೆ ಹಿಮೊಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ನೆರೆಮನೆಯವರು ಕೊಟ್ಟ ನಿದ್ದೆ ಗುಳಿಗೆ ಮಾತ್ರ ಬೇಡವೇ ಬೇಡ.

ಈಗ ನನ್ನ ವಹಿ ಏನು ಹೇಳುತ್ತದೆ ಎನ್ನುವಿರಾ? ಹೋದ ಹದಿನಾಲ್ಕು ರಾತ್ರಿ ಕೂಡಿಸಿದರೆ 93 ತಾಸು. ಇನ್ನೂ ಐದು ತಾಸಿನ ಬಾಕಿ ಇದೆ. ಕಬ್ಬಿನ ಹಂಗಾಮು, ಜಾತ್ರೆ, ಬೀಗರು ಬಂದಾಗ ಲೆಕ್ಕ ತಪ್ಪುತ್ತದೆ. ಮನೆಯವರು ರಾತ್ರಿ ಹೊಲಕ್ಕೆ ಹೋದ ದಿನ, ಬಾಗಿಲು ಸಪ್ಪಳವಾಗುವವರೆಗೆ ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ. ಅದಕ್ಕೆ ನನ್ನಲ್ಲಿ ಔಷಧವಿಲ್ಲ. ಆದರೆ ಹಂಚಿನ ಮುಂದೆ ತೂಕಡಿಸಿದ್ದು ಅದೇ ಕೊನೆ.

ಇವತ್ತು ಸಂಜೆ ನೀವೂ ಹಾಲಿನ ವಹಿಯ ಕೊನೆಯ ಹಾಳೆ ತೆರೆಯಿರಿ, ಸೋದರಿ. ಹದಿನಾಲ್ಕು ದಿನ ಬರೆಯಿರಿ. ಈ ಪತ್ರಿಕೆಯ ಮುಂದಿನ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ನಿಮ್ಮ ಲೆಕ್ಕ ಸಿದ್ಧವಾಗಿರುತ್ತದೆ. ಅದನ್ನು ಒಬ್ಬರೇ ಓದಿ ಮಡಚಿಡಬೇಡಿ. ಪಡಸಾಲೆಯಲ್ಲಿ ಎಲ್ಲರೂ ಕೂತಾಗ ಗಟ್ಟಿಯಾಗಿ ಓದಿರಿ. ನಿಮ್ಮ ಅತ್ತೆಯೂ ನಸುಕಿನಲ್ಲಿ ಎಚ್ಚರವಾಗಿ ಮಲಗಿರಬಹುದು, ಯಾರಿಗೆ ಗೊತ್ತು?